ಏಳು, ಏಳು ಮತ್ತು ನಾನು

ನಾನು ಟೈಲರ್. ಪುತ್ತೂರು ತಾಲೂಕಿನ ಪೂರ್ವದ ಅಂಚಿನಲ್ಲಿ, ಹೊಳೆ ದಾಟಿದರೆ ಕಡಬ ತಾಲೂಕು ಶುರುವಾಗುವ ಊರೊಂದರ ಜಂಕ್ಷನ್ನಿನಲ್ಲಿ ನನ್ನ ಅಂಗಡಿ ಇದೆ. ಒಂದು ಪಕ್ಕಕ್ಕೆ ಹಾಲಿನ ಡಿಪೋ, ಇನ್ನೊಂದು ಪಕ್ಕಕ್ಕೆ ಸೈಕಲ್ ರಿಪೇರಿ, ನಡುವೆ ಹತ್ತಡಿ ಕೋಣೆಯಲ್ಲಿ ಎರಡು ಮೆಷಿನ್ನು ಮತ್ತು ಒಂದು ನಿಲುವುಗನ್ನಡಿ. ಇಪ್ಪತ್ತೆರಡು ವರ್ಷದಿಂದ ಹೊಳೆಯ ಎರಡೂ ದಡಗಳ ಹೆಂಗಸರಿಗೆ ರವಿಕೆ, ಚೂಡಿದಾರ, ಮಕ್ಕಳ ಯೂನಿಫಾರ್ಮು ಹೊಲಿದಿದ್ದೇನೆ. ಚುನಾವಣೆ ಬಂದಾಗ ಬಾವುಟದ ತೋರಣವನ್ನೂ ಹೊಲಿಯುತ್ತೇನೆ. ಬೆಳಿಗ್ಗೆ ಒಂದು ಪಕ್ಷದ್ದು, ಮಧ್ಯಾಹ್ನ ಇನ್ನೊಂದು ಪಕ್ಷದ್ದು. ನೂಲಿನ ಉಂಡೆ ಬದಲಿಸಿದರಾಯಿತು, ಮೆಷಿನ್ನಿಗೆ ಎಲ್ಲ ಬಣ್ಣವೂ ಒಂದೇ.

ರಾಜಕೀಯಕ್ಕೂ ನನಗೂ ಅಷ್ಟೇ ಸಂಬಂಧ ಇತ್ತು. ನಾನು ಹೊಳೆಗೆ ಬೀಳುವವರೆಗೆ.

ಆಚೆ ದಡದಲ್ಲಿ ನನ್ನ ಗೆಳತಿಯ ಮನೆ. ಬ್ಯಾರಿ ಮನೆತನ, ಗಂಡ ದುಬಾಯಿಯಲ್ಲಿ. ಪ್ರಾಥಮಿಕ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳ ಮಗಳ ನಿಕಾಹ್ ಜುಲೈಯಲ್ಲಿ ನಿಗದಿಯಾಗಿತ್ತು. ಮದುಮಗಳ ಬಟ್ಟೆಯ ಅಳತೆ ಸರಿಯಿದೆಯೇ ನೋಡಲು ನಾನೇ ಚೀಲ ಹಿಡಿದು ಹೊರಟೆ. ಎರಡು ದಡಗಳ ನಡುವೆ ಆಗ ಇದ್ದದ್ದು ಮೂರು ಅಡಿಕೆ ಮರಗಳನ್ನು ಒತ್ತೊತ್ತಾಗಿ ಕಟ್ಟಿದ ಸಂಕ, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು. ಪ್ರತಿ ಮೇ ತಿಂಗಳಲ್ಲಿ ಊರವರೇ ಅದನ್ನು ಹೊಸದಾಗಿ ಕಟ್ಟುತ್ತಿದ್ದರು. ಆಚೆಯ ಮಕ್ಕಳು ಈಚೆಯ ಶಾಲೆಗೆ ಬರುತ್ತಿದ್ದದ್ದೂ ಅದರ ಮೇಲೆಯೇ. ಬೇಡವೆಂದರೆ ಕಾಣಿಯೂರಿಗೆ ಸುತ್ತು ಹಾಕಿ ಎರಡು ಬಸ್ಸು ಬದಲಿಸಬೇಕು.

ನಡುವೆ ತಲುಪಿದ್ದೆ. ಪಾಚಿ ಹಿಡಿದ ಮರ ಕಾಲಡಿಯಲ್ಲಿ ತಿರುಗಿತು. ಬಿದಿರು ಕೈಗೆ ಸಿಕ್ಕಿತು, ಸಿಕ್ಕಿದ್ದೇ ಮುರಿಯಿತು. ಆಚೆ ದಡದಲ್ಲಿ ಕಾಯುತ್ತಿದ್ದ ಗೆಳತಿ, "ಬೇರು ಹಿಡಿ! ಎಡಕ್ಕೆ ಬೇರು ಉಂಟು!" ಎಂದು ಕಿರಿಚಿದ್ದು ಕೇಳಿಸಿತು. ಎಡಗೈಗೆ ಬೇರು ಸಿಕ್ಕಿತು. ಬಲಗೈ ಬಂಡೆಗೆ ಬಡಿದಿತ್ತು. ಗೆಳತಿ ತನ್ನ ಶಾಲನ್ನು ಮರಕ್ಕೆ ಸುತ್ತಿ, ಸೊಂಟದುದ್ದ ನೀರಿಗೆ ಇಳಿದು ನನ್ನನ್ನು ಎಳೆದಳು. ಮೂರು ವಾರ ಕೂತು ಜರಿ ಕೂಡಿಸಿದ ಬಟ್ಟೆಯ ಚೀಲ ಮಾತ್ರ ಹೊಳೆಯ ತಿರುವಿನಲ್ಲಿ ಒಮ್ಮೆ ಎದ್ದು ಮುಳುಗಿ ಕಾಣೆಯಾಯಿತು. ನಾನು ಅತ್ತದ್ದು ಕೈಗಲ್ಲ, ಆ ಚೀಲಕ್ಕೆ.

ಮಣಿಕಟ್ಟು ಎರಡು ಕಡೆ ಮುರಿದಿತ್ತು. ವಿಷಯ ಗೊತ್ತಾದ ಕೂಡಲೇ ತಮ್ಮ ಜೀಪು ಕಳಿಸಿ ನನ್ನನ್ನು ಪುತ್ತೂರಿನ ಆಸ್ಪತ್ರೆಗೆ ಮುಟ್ಟಿಸಿದವರು ನಮ್ಮೂರಿನ ದೊಡ್ಡ ತೋಟದ ಯಜಮಾನರು. ಅವರು ಒಂದು ಪಕ್ಷದ ಊರಿನ ಮುಖಂಡರು. ಎರಡನೆಯ ದಿನ ಕಿತ್ತಳೆ ಹಿಡಿದು ನೋಡಲು ಬಂದವರು ಜಂಕ್ಷನ್ನಿನ ಹಾರ್ಡ್‌ವೇರ್ ಅಂಗಡಿಯವರು, ಇನ್ನೊಂದು ಪಕ್ಷದ ಮುಖಂಡರು. ಇಬ್ಬರೂ ಒಳ್ಳೆಯ ಜನ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಸಂಕದ ಮಾತು ತೆಗೆದರೆ ಇಬ್ಬರ ಬಾಯಲ್ಲೂ ಒಂದೇ ಉತ್ತರ.

"ಎಂತ ಮಾಡುದು ಮಾರಾಯ್ತಿ, ಅದು ಗಡಿ. ಅರ್ಧ ಹೊಳೆ ನಮ್ಮ ಕ್ಷೇತ್ರ, ಆಚೆ ಕಡಬದ ಅರ್ಧ ಹೊಳೆ ಸುಳ್ಯ ಕ್ಷೇತ್ರ. ಯಾರು ಕೊಡುದು?"

ಮೂರು ತಿಂಗಳು ಮೆಷಿನ್ನು ಮುಟ್ಟಲಿಲ್ಲ. ಸುಮ್ಮನೆ ಕೂತು ಅಭ್ಯಾಸವಿಲ್ಲದ ನಾನು ಪಂಚಾಯತ್ ಕಚೇರಿಗೆ ಹೋಗಿ ಸಂಕದ ಹಳೆಯ ಅರ್ಜಿಗಳನ್ನು ಕೇಳಿದೆ. ಗುಮಾಸ್ತರು ಕಡತ ತೆಗೆದುಕೊಟ್ಟರು. ಪ್ರತಿ ವರ್ಷ ಒಂದು ಅರ್ಜಿ, ಪ್ರತಿಯೊಂದರ ಮೂಲೆಯಲ್ಲಿ ಹಸಿರು ಶಾಯಿಯ ಒಂದೇ ಸಾಲು: ಗಡಿ ಭಾಗವಾದ್ದರಿಂದ ಸಂಬಂಧಪಟ್ಟವರಿಗೆ. ಸಂಬಂಧಪಟ್ಟವರು ಯಾರೆಂದು ಒಂದರಲ್ಲೂ ಬರೆದಿರಲಿಲ್ಲ. ನಾನು ಹೊಳೆಗೆ ಬಿದ್ದಿದ್ದೆ, ಹಾಗಾಗಿ ಸಂಬಂಧಪಟ್ಟವಳು ನಾನೇ ಎಂದುಕೊಂಡೆ.

ಮುಂದಿನ ಪಂಚಾಯತ್ ಚುನಾವಣೆಗೆ ಪಕ್ಷೇತರಳಾಗಿ ನಿಂತೆ. ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆ ಇಲ್ಲ ಎಂಬುದು ಕಾನೂನು. ಆದರೆ ಯಾರು ಯಾರ ಬೆಂಬಲಿತ ಎಂಬುದು ಊರಿನ ಕೋಳಿಗಳಿಗೂ ಗೊತ್ತು. ಎರಡೂ ಕಡೆಯವರು ನಮ್ಮ ಕಡೆಗೆ ಬಾ ಎಂದರು. ನಾನು, "ಹೊಲಿಗೆ ಇಬ್ಬರಿಗೂ ಉಂಟು, ಹೆಸರು ನನ್ನದೇ ಇರ್ಲಿ" ಎಂದೆ. ಹೊಲಿಗೆ ಯಂತ್ರದ ಚಿಹ್ನೆ ಕೇಳಿದರೆ ಅದು ನಮ್ಮದೇ ವಾರ್ಡಿಗೆ ನಿಂತಿದ್ದ ಮೇಸ್ತ್ರಿಯೊಬ್ಬರ ಪಾಲಾಗಿತ್ತು. ನನಗೆ ಸಿಕ್ಕಿದ್ದು ಏಣಿ. ರಿಕ್ಷಾ ಓಡಿಸುವ ನನ್ನ ಗಂಡ ನಿಜವಾದ ಏಣಿಯೊಂದನ್ನೇ ರಿಕ್ಷಾದ ಮೇಲೆ ಕಟ್ಟಿಕೊಂಡು ಹದಿನೈದು ದಿನ ತಿರುಗಿದರು. ಹನ್ನೊಂದು ಮತಗಳ ಅಂತರದಲ್ಲಿ ಗೆದ್ದೆ.

ಹದಿನೈದು ಸದಸ್ಯರ ಪಂಚಾಯತಿನಲ್ಲಿ ಲೆಕ್ಕ ಹೀಗೆ ಬಂತು: ಯಜಮಾನರ ಕಡೆ ಅವರೂ ಸೇರಿ ಏಳು, ಹಾರ್ಡ್‌ವೇರಿನವರ ಕಡೆ ಅವರೂ ಸೇರಿ ಏಳು, ನಾನೊಬ್ಬಳು.

ಮೊದಲ ಅವಧಿಯ ಅಧ್ಯಕ್ಷ ಸ್ಥಾನ ಒಂದು ವರ್ಗಕ್ಕೆ ಮೀಸಲಾಗಿತ್ತು. ಆ ವರ್ಗದ ಸದಸ್ಯರು ಒಬ್ಬರೇ ಇದ್ದುದರಿಂದ ಯಾವ ಗದ್ದಲವೂ ಇಲ್ಲದೆ ಅವರೇ ಕೂತರು. ಆ ಎರಡೂವರೆ ವರ್ಷ ನಾನು ಸಂಕದ ವಿಷಯ ಎತ್ತುವುದು, ಎಲ್ಲರೂ ತಲೆಯಾಡಿಸುವುದು, ವಿಷಯ ಮುಂದಿನ ಸಭೆಗೆ ಹೋಗುವುದು, ಹೀಗೆಯೇ ನಡೆಯಿತು. ಎರಡನೆಯ ಅವಧಿಗೆ ಸ್ಥಾನ ಸಾಮಾನ್ಯ ಮಹಿಳೆಗೆ ಬಂತು. ಅದಕ್ಕೆ ಸ್ವಲ್ಪ ಮುಂಚೆ ವಿಧಾನಸಭೆ ಚುನಾವಣೆಯೂ ಮುಗಿದಿತ್ತು.

ವಿಧಾನಸಭೆಯ ಫಲಿತಾಂಶದ ದಿನ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಲಿನ ಡಿಪೋದವರು ದೊಡ್ಡ ಟೀವಿಯನ್ನು ನನ್ನ ಕತ್ತರಿ ಹಾಕುವ ಮೇಜಿನ ಮೇಲೆ ತಂದಿಟ್ಟಿದ್ದರು. ಹಿಂದಿನ ಸಲ ಯಾರಿಗೂ ಬಹುಮತ ಬಾರದೆ, ಶಾಸಕರು ಬಸ್ಸು ಹತ್ತಿ ರೆಸಾರ್ಟಿಗೆ ಹೋದದ್ದನ್ನು ಟೀವಿಯಲ್ಲಿ ನೋಡಿದ್ದ ನನ್ನ ಅತ್ತೆಗೆ ನೂರ ಹದಿಮೂರು ಎಂಬ ಸಂಖ್ಯೆ ಬಾಯಿಪಾಠವಾಗಿತ್ತು. ಇನ್ನೂರ ಇಪ್ಪತ್ನಾಲ್ಕರ ಅರ್ಧಕ್ಕೆ ಒಂದು ಸೇರಿಸಿದರೆ ಸರ್ಕಾರ. ಈ ಸಲ ಅಂಥ ಎಳೆದಾಟ ಇರಲಿಲ್ಲ, ಒಂದು ಪಕ್ಷಕ್ಕೆ ಸ್ಪಷ್ಟ ಬಹುಮತ ಬಂತು. ಎಳೆದಾಟ ಬಂದದ್ದು ನಮ್ಮ ಹೊಳೆಗೆ. ಒಂದು ದಡ ಆಡಳಿತ ಪಕ್ಷದ ಶಾಸಕರಿಗೆ ಹೋಯಿತು, ಇನ್ನೊಂದು ದಡ ವಿರೋಧ ಪಕ್ಷದವರಿಗೆ.

"ಮುಗೀತು," ಎಂದರು ಸೈಕಲ್ ರಿಪೇರಿಯವರು. "ಇನ್ನು ಐದು ವರ್ಷ ಆ ಸಂಕಕ್ಕೆ ಒಂದು ಮೊಳೆ ಸಹ ಬರುದಿಲ್ಲ."

ಅದೇ ವಾರ ಅಧ್ಯಕ್ಷ ಚುನಾವಣೆಯ ನೋಟೀಸು ಬಂತು. ನನ್ನ ಅಂಗಡಿಗೆ ಜನ ಬರತೊಡಗಿದರು, ಅಳತೆ ಕೊಡಲಿಕ್ಕಲ್ಲ.

ಮೊದಲು ಬಂದವರು ಯಜಮಾನರು. ಬೆಟ್ಟಂಪಾಡಿಯ ಸಂಬಂಧಿಕರ ಮನೆಯ ಸಮಾರಂಭದಿಂದ ನೇರ ಬಂದಿದ್ದರು, ಹೆಗಲಲ್ಲಿ ಇನ್ನೂ ರೇಶ್ಮೆ ಶಾಲು. "ನಮ್ಮ ಏಳು ಜನ ಮೂರು ದಿನ ದೇವಸ್ಥಾನ ಪ್ರವಾಸಕ್ಕೆ ಹೋಗುದು ಅಂತ ಉಂಟು. ನೀನೂ ಬಾ. ವ್ಯಾನು ಮಾಡಿದ್ದೇವೆ."

ಮರುದಿನ ಹಾರ್ಡ್‌ವೇರಿನವರು ಬಂದರು. "ನಾವು ಸಹ ಹೊರಡ್ತೇವೆ. ನಮ್ಮದು ಏಸಿ ವ್ಯಾನು."

ಒಳಗೆ ಅಂಗಿಗೆ ಗುಂಡಿ ಹಚ್ಚುತ್ತಿದ್ದ ಅತ್ತೆ ತಲೆಯೆತ್ತಿ, "ನನ್ನನ್ನು ಸಹ ಕರ್ಕೊಂಡು ಹೋಗ್ತೀರಾ?" ಎಂದು ಕೇಳಿದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಮೂರು ದಿನ ಪ್ರವಾಸ ಎಂದಾಗ ಅವರ ಮುಖ ಅರಳಿತ್ತು.

ನಾನು ಎಲ್ಲಿಗೂ ಹೋಗಲಿಲ್ಲ. ಬಾಗಿಲು ಪೂರ್ತಿ ತೆರೆದಿಟ್ಟು ಶಾಲೆಯ ಯೂನಿಫಾರ್ಮು ಹೊಲಿಯುತ್ತ ಕೂತೆ. ಯಾರು ಬಂದರೂ ಒಂದೇ ಮಾತು ಹೇಳಿದೆ: "ಅಧ್ಯಕ್ಷ ಸ್ಥಾನಕ್ಕೆ ನಾನೇ ನಿಲ್ಲುದು. ಬೆಂಬಲ ಯಾರು ಕೊಟ್ಟರೂ ತಗೊಳ್ತೇನೆ. ಆದರೆ ನನ್ನ ಮೊದಲ ಕೆಲಸ ಸಂಕ. ಅದಕ್ಕೆ ಒಪ್ಪಿಗೆ ಇಲ್ಲದಿದ್ದರೆ ಬೆಂಬಲ ಬೇಡ."

ಇದನ್ನು ಹೇಳಿ ಮತ್ತೆ ಮೆಷಿನ್ನಿನ ಪೆಡಲು ತುಳಿದೆ.

ಚುನಾವಣೆಯ ದಿನ ತಾಲೂಕಿನಿಂದ ಒಬ್ಬರು ಅಧಿಕಾರಿ ಬಂದು ನಾಮಪತ್ರ ಇಸಿದುಕೊಳ್ಳಲು ಕೂತರು. ನನ್ನ ನಾಮಪತ್ರಕ್ಕೆ ಸೂಚಕರು ಬೇಕು. ಹಾರ್ಡ್‌ವೇರಿನವರು ಎದ್ದು, "ನಾನು ಸೂಚಿಸ್ತೇನೆ" ಎಂದರು. ಅವರ ಕಡೆಯ ಮಹಿಳಾ ಸದಸ್ಯರ ನಾಮಪತ್ರ ಅವರ ಕಿಸೆಯಲ್ಲೇ ಇತ್ತು, ಅದು ನನಗೂ ಗೊತ್ತಿತ್ತು. ಸೋಲುವುದಕ್ಕಿಂತ ನನ್ನನ್ನು ಗೆಲ್ಲಿಸಿ ತಮ್ಮವಳೆಂದು ಹೇಳಿಕೊಳ್ಳುವುದು ಲಾಭ ಎಂದು ಅವರು ಲೆಕ್ಕ ಹಾಕಿದ್ದರು. ಯಜಮಾನರ ಮುಖ ಒಂದು ಕ್ಷಣ ಕಪ್ಪಾಯಿತು. ಕೂಡಲೇ ಅವರೂ ಎದ್ದರು.

"ಅನುಮೋದನೆ ನನ್ನದು," ಎಂದರು. "ಹೊಳೆಗೆ ಬಿದ್ದಾಗ ಜೀಪು ಕಳಿಸಿದ್ದು ಯಾರು ಅಂತ ಅವಳಿಗೆ ಗೊತ್ತುಂಟು."

ಬೇರೆ ನಾಮಪತ್ರ ಬರಲಿಲ್ಲ. ಹತ್ತು ನಿಮಿಷದಲ್ಲಿ ಅವಿರೋಧವಾಗಿ ಆಯ್ಕೆಯಾದೆ. ಹೊರಗೆ ಎರಡೂ ಕಡೆಯವರು ಪಟಾಕಿ ತಂದಿದ್ದರು, ಎರಡೂ ಕಡೆಯವರು ಹೊಡೆದರು. ಗಂಡ ರಿಕ್ಷಾದ ಹಾರ್ನನ್ನು ಬಿಡದೆ ಒತ್ತಿದರು. ಅತ್ತೆ ನನ್ನ ಕೊರಳಿನ ಎರಡು ಮಾಲೆಗಳನ್ನು ಬೇರೆ ಬೇರೆ ಮೊಳೆಗೆ ತೂಗುಹಾಕಿ, "ನೂರ ಹದಿಮೂರು ಎಂತಕ್ಕೆ? ನಮಗೆ ಒಂದು ಸಾಕಾಯ್ತಲ್ಲ!" ಎಂದರು.

ಒಂದು ಸಾಲದು ಎಂದು ನನಗೆ ಗೊತ್ತಾಗಲು ಹೆಚ್ಚು ದಿನ ಹಿಡಿಯಲಿಲ್ಲ.

ನಾನು ತಾಲೂಕು ಪಂಚಾಯತಿನ ಎಂಜಿನಿಯರರನ್ನು ಹೊಳೆಬದಿಗೆ ಕರೆದುಕೊಂಡು ಹೋದೆ. ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಪ್ಯಾಂಟು ಮಡಚಿ ನೀರಿಗೆ ಇಳಿದು ಟೇಪು ಹಿಡಿದರು. ಆಮೇಲೆ ಬಂಡೆಯ ಮೇಲೆ ಕೂತು ಹೇಳಿದರು: "ಮೇಡಂ, ಒಬ್ಬ ಶಾಸಕರ ಅನುದಾನವನ್ನು ಇನ್ನೊಬ್ಬರ ಕ್ಷೇತ್ರದಲ್ಲಿ ಖರ್ಚು ಮಾಡ್ಲಿಕ್ಕೆ ಕಷ್ಟ ಉಂಟು. ಹಾಗಂತ ಅರ್ಧ ಸಂಕ ಕಟ್ಟಿ ಬಿಡ್ಲಿಕ್ಕೂ ಆಗುದಿಲ್ಲ."

"ಇಬ್ಬರೂ ಅರ್ಧರ್ಧ ಕೊಟ್ರೆ?"

ಅವರು ಹೊಳೆಯ ನಡುವೆ ನೋಡಿದರು. ಅಲ್ಲಿ ಆನೆಯ ಬೆನ್ನಿನಂಥ ಬಂಡೆ ಇದೆ, ಮಳೆಗಾಲದಲ್ಲಿ ಮಾತ್ರ ಮುಳುಗುತ್ತದೆ. "ಆ ಬಂಡೆಯ ಮೇಲೆ ಒಂದು ಕಂಬ ಎಬ್ಬಿಸಿದ್ರೆ ಎರಡು ಭಾಗ ಆಗ್ತದೆ. ಈಚಿನ ಭಾಗ ಇವರದ್ದು, ಆಚಿನ ಭಾಗ ಅವರದ್ದು. ಆದರೆ ಕಂಬ ಯಾರದ್ದು?"

"ಕಂಬ ಪಂಚಾಯತಿದ್ದು," ಎಂದೆ ನಾನು.

ಎಂಜಿನಿಯರರು ಅವತ್ತು ಮೊದಲ ಸಲ ನಕ್ಕರು. "ಹಾಗಾದರೆ ಎರಡೂ ಪಂಚಾಯತಿಂದ ಒಂದೇ ನಿರ್ಣಯ, ಎರಡೂ ಶಾಸಕರಿಂದ ಪತ್ರ ಬೇಕು. ಒಂದು ಅಕ್ಷರ ಸಹ ಆಚೀಚೆ ಇರ್ಬಾರ್ದು."

ನಮ್ಮ ಶಾಸಕರ ಕಚೇರಿಗೆ ಹೋಗುವುದು ಸುಲಭ. ನೂಲು, ಲೈನಿಂಗು ತರಲು ಹೇಗೂ ವಾರಕ್ಕೊಮ್ಮೆ ನರಿಮೊಗರು ದಾಟಿ ಪುತ್ತೂರಿಗೆ ಬಸ್ಸು ಹತ್ತುತ್ತೇನೆ. ಸುಳ್ಯಕ್ಕೆ ಹೋಗುವ ದಿನ ಗೆಳತಿ ಜೊತೆಗೆ ಬಂದಳು. ಅವಳು ಆ ಕ್ಷೇತ್ರದ ಮತದಾರಳು, ನಾನಲ್ಲ. ಶಾಸಕರ ಕಚೇರಿಯವರು ನನ್ನ ಲೆಟರ್‌ಹೆಡ್ ನೋಡಿ, "ನೀವು ಪುತ್ತೂರಿನವರು, ಇಲ್ಲಿ ಎಂತ ಕೆಲಸ?" ಎಂದಾಗ ಗೆಳತಿ ಮುಂದೆ ಬಂದಳು.

"ವೋಟು ನಂದು, ಕಾಗದ ಅವಳದ್ದು. ನಮಗಿಬ್ಬರಿಗೆ ಒಂದೇ ಹೊಳೆ. ನೀವು ನನ್ನನ್ನು ನೋಡಿ ಮಾತಾಡಿ," ಎಂದಳು.

ಎರಡೂ ಶಾಸಕರು ಕೇಳಿದ್ದು ಒಂದೇ ಪ್ರಶ್ನೆ, ಆ ಇನ್ನೊಬ್ಬರು ಕೊಡುತ್ತಾರಾ ಎಂದು. ನಾನು ಎರಡೂ ಕಡೆ ಒಂದೇ ಉತ್ತರ ಹೇಳಿದೆ: "ನೀವು ಕೊಟ್ಟರೆ ಅವರು ಕೊಡದೆ ಇರ್ಲಿಕ್ಕೆ ಆಗುದಿಲ್ಲ." ಇದು ಸುಳ್ಳಲ್ಲ. ಪೂರ್ತಿ ಸತ್ಯವೆಂದೂ ಆಗ ನನಗೆ ಖಾತ್ರಿ ಇರಲಿಲ್ಲ. ಎರಡು ವಾರದಲ್ಲಿ ಎರಡು ಪತ್ರಗಳು ಬಂದವು: ಪಂಚಾಯತ್ ನಿರ್ಣಯ ಮಾಡಿ ಕಳಿಸಿದರೆ ಪರಿಶೀಲಿಸುತ್ತೇವೆ.

ಆಚೆ ಪಂಚಾಯತಿನ ನಿರ್ಣಯವನ್ನು ಗೆಳತಿ ಮಾಡಿಸಿದಳು. ಅಲ್ಲಿನ ಗ್ರಾಮಸಭೆಗೆ ಮನೆಮನೆಯಿಂದ ಹೆಂಗಸರನ್ನು ಕರೆದುಕೊಂಡು ಹೋದಳು. ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಬಾಗಿಲಲ್ಲಿ ಅರವತ್ತು ಹೆಂಗಸರು ನಿಂತಿದ್ದರಂತೆ, ನಿರ್ಣಯ ಬರೆದು ಮುಗಿಯುವವರೆಗೆ ಯಾರೂ ಕದಲಲಿಲ್ಲವಂತೆ. ಸಂಜೆ ಫೋನು ಮಾಡಿ, "ನಂದು ಆಯ್ತು. ಈಗ ನಿಂದು!" ಎಂದು ಹೇಳಿ ಇಟ್ಟುಬಿಟ್ಟಳು.

ಕಷ್ಟವಾದದ್ದು ನಮ್ಮಲ್ಲೇ.

ಆ ಸಭೆಯನ್ನು ಮರೆಯಲಾರೆ. ಕಾರ್ಯಸೂಚಿಯಲ್ಲಿ ಸಂಕ ಎರಡನೆಯ ವಿಷಯ. ನಾನು ಓದಿ ಮುಗಿಸುವ ಮೊದಲೇ ಯಜಮಾನರು ಎದ್ದರು. ಅವರ ಪಕ್ಷ ಮತ್ತು ನಮ್ಮ ದಡದ ಶಾಸಕರ ಪಕ್ಷ ಒಂದೇ.

"ನಾನು ಸಂಕಕ್ಕೆ ವಿರೋಧ ಅಲ್ಲ," ಎಂದರು. "ಆದರೆ ಜಾಗ ಬದಲಿಸುವ. ಕೆಳಗೆ ಹೊಳೆ ತಿರುಗುವಲ್ಲಿ ಎರಡೂ ದಡ ನಮ್ಮ ತಾಲೂಕಿಗೇ ಬರ್ತದೆ. ಅಲ್ಲಿ ಕಟ್ಟಿದರೆ ಗಡಿಯ ತಾಪತ್ರಯ ಇಲ್ಲ, ಇನ್ನೊಬ್ಬರ ಪತ್ರ ಬೇಡ, ನಮ್ಮ ಶಾಸಕರೇ ಪೂರ್ತಿ ಮಾಡಿಕೊಡ್ತಾರೆ. ಒಂದೇ ವರ್ಷದಲ್ಲಿ ಸಂಕ ಆಗ್ತದೆ. ನಿಮ್ಮ ಎರಡು ತುಂಡಿನ ಸಂಕ ಎರಡು ಕಚೇರಿಯ ನಡುವೆ ಹತ್ತು ವರ್ಷ ಕೂತುಕೊಳ್ತದೆ."

ಅವರ ಮಾತಿನಲ್ಲಿ ಹುರುಳಿತ್ತು. ತಿರುವಿನಲ್ಲಿ ಕಟ್ಟುವುದು ನಿಜಕ್ಕೂ ಸುಲಭ. ಆದರೆ ಅಲ್ಲಿ ಆಚೆ ದಡದಲ್ಲಿರುವುದು ಎರಡು ತೋಟ, ಒಂದು ಪಂಪ್‌ಶೆಡ್. ಶಾಲೆಯ ಮಕ್ಕಳು ದಾಟುವ ಜಾಗ ಅದಲ್ಲ.

ಹಾರ್ಡ್‌ವೇರಿನವರು ಎದ್ದು ಮೇಜು ತಟ್ಟಿದರು. "ಮಕ್ಕಳು ದಾಟುದು ಅಲ್ಲಿ ಅಲ್ಲ! ಫಲಕದಲ್ಲಿ ನಮ್ಮ ಪಕ್ಷದ ಸುಳ್ಯ ಶಾಸಕರ ಹೆಸರು ಬರ್ತದಲ್ಲ, ಅದಕ್ಕೆ ನಿಮಗೆ ಹೊಟ್ಟೆಯುರಿ!"

"ಮಕ್ಕಳ ಚಿಂತೆ ನಿಮಗೆ ಯಾವಾಗ ಶುರುವಾದ್ದು? ನಿಮಗೂ ಫಲಕವೇ ಮುಖ್ಯ!" ಎಂದರು ಯಜಮಾನರು.

ಇಬ್ಬರು ಹೇಳಿದ್ದೂ ಸರಿಯೇ. ಸಭೆ ಗದ್ದಲವಾಯಿತು. ಪಂಚಾಯತಿನ ಅಭಿವೃದ್ಧಿ ಅಧಿಕಾರಿ ನನ್ನತ್ತ ಬಗ್ಗಿ, "ಮತಕ್ಕೆ ಹಾಕಿ ಅಧ್ಯಕ್ಷರೇ, ಹೇಗೂ ನಿಮ್ಮ ಮತ ಉಂಟಲ್ಲ" ಎಂದು ಪಿಸುಗುಟ್ಟಿದರು.

ಹೌದು, ಏಳಕ್ಕೆ ಏಳು, ಮೇಲೆ ನಾನು. ಗೆಲ್ಲುವುದು ಖಚಿತವಿತ್ತು. ಆದರೆ ಆ ಗೆಲುವಿನ ಮರುದಿನದಿಂದ ನಾನು ಹಾರ್ಡ್‌ವೇರಿನವರ ಅಧ್ಯಕ್ಷೆ ಆಗಿಬಿಡುತ್ತೇನೆ, ಸಂಕ ಅವರ ಪಕ್ಷದ ಸಂಕವಾಗುತ್ತದೆ, ನಮ್ಮ ಶಾಸಕರ ಕಚೇರಿಯಲ್ಲಿ ಪತ್ರ ಅಲ್ಲೇ ನಿಲ್ಲುತ್ತದೆ ಎಂಬುದೂ ಗೊತ್ತಿತ್ತು. ನನ್ನ ಒಂದು ಮತಕ್ಕೆ ಸಂಕವನ್ನು ಗೆಲ್ಲಿಸುವ ಶಕ್ತಿ ಇತ್ತು, ಕಟ್ಟಿಸುವ ಶಕ್ತಿ ಇರಲಿಲ್ಲ. ಬೇರೆ ದಾರಿ ಕಾಣದೆ, "ಹಳೆಯ ಜಾಗದಲ್ಲೇ ಸಂಕ ಆಗ್ಬೇಕು ಅನ್ನುವವರು ಕೈ ಎತ್ತಿ" ಎಂದೆ.

ಹಾರ್ಡ್‌ವೇರಿನವರ ಕಡೆಯ ಏಳು ಕೈಗಳು ಎದ್ದವು. ಅಧಿಕಾರಿ ಬರೆದುಕೊಳ್ಳತೊಡಗಿದರು.

ಆಗ ಯಜಮಾನರ ಸಾಲಿನ ಕೊನೆಯ ಕುರ್ಚಿಯಲ್ಲಿ ಇನ್ನೊಂದು ಕೈ ಎದ್ದಿತು.

ಅಲ್ಲಿ ಕೂತಿದ್ದವರು ಬೀಡಿ ಕಟ್ಟುವ ಒಬ್ಬರು ವಯಸ್ಸಾದ ಹೆಂಗಸು. ಯಜಮಾನರ ತೋಟದ ಬದಿಯಲ್ಲೇ ಅವರ ಮನೆ. ಮಹಿಳಾ ಮೀಸಲು ವಾರ್ಡಿಗೆ ಯಜಮಾನರೇ ಅವರನ್ನು ನಿಲ್ಲಿಸಿ ಗೆಲ್ಲಿಸಿದ್ದರು. ಸಭೆಗೆ ಬಂದು ಸಹಿ ಹಾಕುವುದು, ಯಜಮಾನರು ಕೈ ಎತ್ತಿದಾಗ ಎತ್ತುವುದು, ಚಾ ಕುಡಿದು ಹೋಗುವುದು. ಅಷ್ಟು ವರ್ಷದಲ್ಲಿ ಸಭೆಯಲ್ಲಿ ಅವರ ಧ್ವನಿಯನ್ನು ನಾವು ಯಾರೂ ಕೇಳಿರಲಿಲ್ಲ.

ಯಜಮಾನರು ತಿರುಗಿ ನೋಡಿ, "ಅಕ್ಕಾ, ಇದು ಅವರ ಕಡೆಯ ಓಟು. ಕೈ ಕೆಳಗೆ ಹಾಕಿ. ನಮ್ಮದು ಆಮೇಲೆ," ಎಂದರು. ಅವರಿಗೆ ಗೊತ್ತಾಗದೆ ಎತ್ತಿದ್ದಾರೆ ಎಂದೇ ಎಲ್ಲರೂ ಎಣಿಸಿದೆವು.

ಅವರು ಕೈ ಇಳಿಸಲಿಲ್ಲ. "ಗೊತ್ತುಂಟು ಧನಿಗಳೇ," ಎಂದರು. ಧ್ವನಿ ಸಣ್ಣದು, ಆದರೆ ನನ್ನ ಮೇಜಿನವರೆಗೂ ಕೇಳಿಸಿತು. "ನನ್ನ ಮಗಳನ್ನು ಕೊಟ್ಟದ್ದು ಆಚೆ ದಡಕ್ಕೆ. ಆಟಿ ತಿಂಗಳ ಮಳೆಯಲ್ಲಿ ಅವಳಿಗೆ ಹೆರಿಗೆ ಆಯ್ತು. ಹಳೆ ಸಂಕ ನೀರಲ್ಲಿ ಹೋಗಿತ್ತು. ಈಚೆ ದಡದಲ್ಲಿ ನಿಂತ್ರೆ ಮಗುವಿನ ಅಳು ನನಗೆ ಕೇಳ್ತಿತ್ತು. ಆ ಮುಖ ನೋಡ್ಲಿಕ್ಕೆ ಎರಡು ಬಸ್ಸು ಹತ್ತಿ ಹೋಗ್ಬೇಕಾಯ್ತು. ನೀವು ಹೇಳಿದಾಗೆಲ್ಲ ನಾನು ಕೈ ಎತ್ತಿದ್ದೇನೆ. ಇವತ್ತು ಒಂದು ಸಲ ನನಗೆ ಬೇಕಾದ ಹಾಗೆ ಎತ್ತುತ್ತೇನೆ. ಬಯ್ಯಬೇಡಿ."

ಯಜಮಾನರು ಪೂರ್ತಿ ಅವರತ್ತ ತಿರುಗಿದರು. ಸಿಟ್ಟು ಬರುತ್ತದೆ ಎಂದು ನಾನು ಹೆದರಿದ್ದೆ. ಆದರೆ ಅವರು ಹೆಗಲಿನ ಶಾಲು ಸರಿಮಾಡಿಕೊಂಡು, "ಬಯ್ಯುದಿಲ್ಲ ಅಕ್ಕ," ಎಂದು ಕೂತರು. ತಮ್ಮ ಕೈಯನ್ನು ಎತ್ತಲಿಲ್ಲ, ಅಷ್ಟು ದೂರ ಬರಲು ಅವರಿಂದಾಗಲಿಲ್ಲ. ಆದರೆ ಉಳಿದ ಐವರ ಕಡೆ ತಿರುಗಿ ನೋಡಲೂ ಇಲ್ಲ.

ಎಂಟಕ್ಕೆ ಆರು. ನನ್ನ ಮತ ಬೇಕಾಗಲೇ ಇಲ್ಲ.

ಆ ನಿಮಿಷ ನನಗಾದ ಸಂತೋಷ ಗೆದ್ದ ದಿನವೂ ಆಗಿರಲಿಲ್ಲ. ಅಷ್ಟು ಕಾಲ ಎರಡು ಏಳುಗಳ ನಡುವೆ ನಾನೊಬ್ಬಳೇ ತಕ್ಕಡಿಯ ಮುಳ್ಳಿನ ಹಾಗೆ ನಿಂತು ಸಾಕಾಗಿತ್ತು. ನಾನೂ ಕೈ ಎತ್ತಿದೆ, ಮತಕ್ಕಲ್ಲ, ಆ ಹೆಂಗಸಿನ ಜೊತೆ ನಿಲ್ಲಲಿಕ್ಕೆ. ಅಧಿಕಾರಿ ಒಂಬತ್ತು ಎಂದು ಬರೆದರು. ನಿರ್ಣಯದಲ್ಲಿ ಎರಡೂ ಕಡೆಯ ಹೆಸರುಗಳು ಇದ್ದುದರಿಂದ ಇದು ಒಂದು ಪಕ್ಷದ ಸಂಕ ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಮರುವಾರ ಯಜಮಾನರೇ ನನ್ನ ಅಂಗಡಿಯ ಮುಂದೆ ಜೀಪು ನಿಲ್ಲಿಸಿ, "ಹತ್ತು, ಪುತ್ತೂರಿಗೆ ಹೋಗುವ. ನಿರ್ಣಯ ಕೈಯಲ್ಲೇ ಕೊಡುವ. ಅಂಚೆಯಲ್ಲಿ ಹಾಕಿದ್ರೆ ಅಲ್ಲೇ ಮಲಗ್ತದೆ," ಎಂದರು. ಸುಳ್ಯಕ್ಕೆ ಹೋಗುವಾಗ ಹಾರ್ಡ್‌ವೇರಿನವರ ಕಾರು. ಅದರಲ್ಲಿ ಗೆಳತಿ, ನಾನು, ಅತ್ತೆ. ಅತ್ತೆಗೆ ಅಂತೂ ಪ್ರವಾಸ ಸಿಕ್ಕಿತು, ಏಸಿಯಲ್ಲಿ.

ಅಲ್ಲಿಂದ ಎಲ್ಲವೂ ಸಲೀಸಾಯಿತು ಎಂದರೆ ತಪ್ಪಾಗುತ್ತದೆ. ನಡುವೆ ಲೋಕಸಭೆ ಚುನಾವಣೆ ಬಂದು ನೀತಿಸಂಹಿತೆಯಲ್ಲಿ ಕೆಲಸ ನಿಂತಿತು. ಒಂದು ಮಳೆಗಾಲ ಹಾಗೇ ಹೋಯಿತು. ಬಂಡೆಯ ಮೇಲೆ ಕಂಬ ಮಾತ್ರ ಒಂಟಿಯಾಗಿ ನಿಂತಿತ್ತು, ಅದರ ತುದಿಯಲ್ಲಿ ಕೊಕ್ಕರೆ ಕೂರುತ್ತಿತ್ತು. "ಅಧ್ಯಕ್ಷರೇ, ಕೊಕ್ಕರೆಗೆ ಒಳ್ಳೆ ಮನೆ ಕಟ್ಟಿಸಿದ್ರಿ," ಎಂದು ಸೈಕಲ್ ರಿಪೇರಿಯವರು ದಿನಾ ಹೇಳುತ್ತಿದ್ದರು. ನಾನು ನಕ್ಕು, ಎಂಜಿನಿಯರರಿಗೆ ಇನ್ನೊಮ್ಮೆ ಫೋನು ಮಾಡುತ್ತಿದ್ದೆ. ಆದರೆ ಮುಂದಿನ ಬೇಸಿಗೆಯಲ್ಲಿ ಎರಡೂ ದಡದಿಂದ ಒಟ್ಟಿಗೆ ಕಾಂಕ್ರೀಟು ಬೀಳತೊಡಗಿತು. ಎರಡು ಗುತ್ತಿಗೆದಾರರಿಗೆ ಪಂತ ಹತ್ತಿತು, ಯಾರು ಮೊದಲು ಕಂಬ ತಲುಪುವುದೆಂದು. ಆಚೆಯವರು ನಾಲ್ಕು ದಿನ ಮುಂಚೆ ತಲುಪಿದರು. ಆ ಸಂಜೆ ಗೆಳತಿ ಎಲ್ಲ ಕೆಲಸಗಾರರಿಗೂ ನೈಚೋರು, ಅಂದರೆ ತುಪ್ಪದ ಅನ್ನ, ಮಾಡಿ ಹಾಕಿದಳು.

ಉದ್ಘಾಟನೆಗೆ ಮೊದಲು ಫಲಕದ ಪ್ರಶ್ನೆ ಬಂತು. ಯಾರ ಹೆಸರು ಮೇಲೆ? ಎಂಜಿನಿಯರರು ಒಂದೇ ಮಾತಿನಲ್ಲಿ ಮುಗಿಸಿದರು: "ಸಂಕಕ್ಕೆ ಎರಡು ತುದಿ ಉಂಟು." ಎರಡು ಫಲಕ, ಎರಡು ರಿಬ್ಬನ್ನು. ಎರಡೂ ರಿಬ್ಬನ್ನನ್ನು ನನ್ನ ಅಂಗಡಿಯಲ್ಲೇ, ಒಂದೇ ಬಟ್ಟೆಯಿಂದ ಕತ್ತರಿಸಿ, ಅಂಚು ಹೊಲಿದುಕೊಟ್ಟೆ. ಯಾವ ಪಕ್ಷದ ಬಣ್ಣವೂ ಆಗಬಾರದೆಂದು ನೇರಳೆ ಬಣ್ಣ ಆರಿಸಿದೆ.

ಆ ಬೆಳಿಗ್ಗೆ ಇಬ್ಬರು ಶಾಸಕರೂ ತಮ್ಮ ತಮ್ಮ ದಡದಲ್ಲಿ ರಿಬ್ಬನ್ನು ಕತ್ತರಿಸಿ, ಜನರೊಂದಿಗೆ ನಡೆದು ಬಂದು ಸಂಕದ ನಡುವೆ ಎದುರಾದರು. ನಕ್ಕು ಕೈಕುಲುಕಿದರು. ಎರಡೂ ದಡದಲ್ಲಿ ಚಪ್ಪಾಳೆ, ಶಾಲೆಯ ಬ್ಯಾಂಡು, ರಿಕ್ಷಾಗಳ ಹಾರ್ನು. ನನ್ನ ಪಕ್ಕದಲ್ಲಿದ್ದ ಅತ್ತೆ ಜೋರಾಗಿ, "ಬೆಂಗಳೂರಲ್ಲಿ ಎದುರು ಬದುರು ಕೂತುಕೊಳ್ಳುವವರು ಇಲ್ಲಿ ಒಂದೇ ಸಂಕದ ಮೇಲೆ ನಿಂತ್ರು ನೋಡಿ!" ಎಂದರು. ಸುತ್ತಲಿದ್ದವರು ನಕ್ಕರು. ಅದು ಶಾಸಕರಿಗೂ ಕೇಳಿಸಿರಬೇಕು, ಅವರೂ ನಕ್ಕರು.

ಭಾಷಣಕ್ಕೆ ನನ್ನನ್ನು ಕರೆದರು. ನಾನು ಬರೆದುಕೊಂಡು ಹೋಗಿದ್ದ ಕಾಗದ ಮಡಚಿಟ್ಟು, ಬೀಡಿ ಕಟ್ಟುವ ಆ ಸದಸ್ಯರನ್ನು ವೇದಿಕೆಗೆ ಕರೆದೆ. ಅವರು ಬರಲಿಲ್ಲ. ಹುಡುಕಿದರೆ ಆಗಲೇ ಸಂಕ ದಾಟಿ ಮಗಳ ಮನೆಗೆ ಹೋಗಿಬಿಟ್ಟಿದ್ದರು. ಶಾಸಕರು, ಅಧಿಕಾರಿಗಳು, ಮುಖಂಡರು ಎಲ್ಲರೂ ಭಾಷಣ ಕೇಳುತ್ತ ಕೂತಿದ್ದಾಗ ಆಚೆ ದಡದ ಮನೆಯೊಂದರ ಅಂಗಳದಲ್ಲಿ ಅವರು ಮೊಮ್ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತದ್ದು ವೇದಿಕೆಯಿಂದ ನನಗೆ ಕಾಣುತ್ತಿತ್ತು.

ಮುಂದಿನ ಸಾಮಾನ್ಯ ಸಭೆಯಲ್ಲಿ ಕಾರ್ಯಸೂಚಿ ಮುಗಿದು ನಾನು ಏಳಬೇಕೆನ್ನುವಾಗ ಅವರು ಕುರ್ಚಿಯಿಂದ ಎದ್ದು ನಿಂತರು. ಅವತ್ತು ಕೂತದ್ದು ಕೊನೆಯ ಕುರ್ಚಿಯಲ್ಲಲ್ಲ, ಮೊದಲ ಸಾಲಿನಲ್ಲಿ.

"ನನಗೆ ಎರಡು ವಿಷಯ ಹೇಳ್ಲಿಕ್ಕುಂಟು," ಎಂದರು. "ಒಂದು ಕಾಲೊನಿಯ ನೀರಿನದ್ದು, ಒಂದು ಬಸ್ಸಿನದ್ದು."

ಯಜಮಾನರು ಮತ್ತು ಹಾರ್ಡ್‌ವೇರಿನವರು ಒಂದೇ ಸಲ ಅವರತ್ತ ತಿರುಗಿದರು. ಎರಡೂ ವಿಷಯಕ್ಕೆ ಆ ದಿನವೇ ನಿರ್ಣಯವಾಯಿತು, ಹದಿನೈದಕ್ಕೆ ಹದಿನೈದು. ಸಭೆ ಎರಡು ಗಂಟೆ ತಡವಾಗಿ ಮುಗಿಯಿತು, ಹೆಚ್ಚಿನ ಹೊತ್ತು ಮಾತಾಡಿದ್ದು ಅವರೇ.